ಹಲ್ಲಿ ಕೇಳಿಸಿಕೊಂಡ ಮಾತು

"ಒಳಗೆ ಹಲ್ಲಿಗಳಿವೆ. ಹೊಡೆಯೋಕೆ ಹೋಗಬೇಡಿ. ಅವುಗಳ ಮುಂದೆ ಬಾಯಿಗೆ ಬಂದದ್ದೆಲ್ಲ ಆಡಲೂಬೇಡಿ."

ಮನೆಯೊಡತಿ ಗೇಟಿನ ಹೊರಗೇ ನಿಂತು ಇಷ್ಟು ಹೇಳಿ ಕೀಲಿಗೊಂಚಲು ಕೊಟ್ಟಳು. ಮನೆ ಅವಳದೇ, ಗೇಟೂ ಅವಳದೇ, ಆದರೂ ಅದನ್ನು ದಾಟಿ ಒಂದು ಹೆಜ್ಜೆ ಒಳಗಿಡಲಿಲ್ಲ. ಅವಳ ವಾಸ ರಸ್ತೆಯ ಆಚೆಗಿನ ಮನೆಯಲ್ಲಿ.

ಹೇಳಿದ್ದು ಯಾರಿಗೆ? ಬಾಯಿಯನ್ನೇ ನಂಬಿ ಬದುಕುವವನಿಗೆ. ಅವನು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಈರುಳ್ಳಿ ಮೂಟೆಯ ಮೇಲೆ ನಿಂತು ಗಂಟಲು ಬಿಚ್ಚಿದನೆಂದರೆ ಮಂಡಿಯ ಆ ತುದಿಯಲ್ಲಿ ಲಾರಿಯೊಳಗೆ ಮಲಗಿದ ಡ್ರೈವರು ಎದ್ದು ಕೂರಬೇಕು. ಅದಕ್ಕೇ ಎಲ್ಲರ ಬಾಯಲ್ಲೂ ಅವನು 'ಮೈಕು'. ಬಾಡಿದ ಬದನೆಕಾಯಿಯನ್ನೂ ಮದುಮಗಳಂತೆ ಹೊಗಳಿ ಸಾಗಹಾಕುವ ಬಾಯಿ ಅದು. ಅಂಥವನಿಗೆ ಬಾಯಿ ಬಿಗಿಹಿಡಿ ಎಂದರೆ ಆದೀತೇ?

"ಬಾಯಿಗೆ ಬಂದದ್ದು ಆಡೋದೇ ನನ್ನ ಕೆಲಸ ದೊಡ್ಡಮ್ಮ," ಎಂದು ನಕ್ಕ. "ಹಲ್ಲಿ ಜಾಸ್ತಿಯಾಗಿದ್ರೆ ಹೇಳಿ, ಅವನ್ನೂ ಹರಾಜು ಹಾಕಿಕೊಡ್ತೀನಿ."

ಪಕ್ಕದಲ್ಲಿದ್ದ ಹೆಂಡತಿ ಮೊಣಕೈಯಿಂದ ತಿವಿದಳು. ಮನೆಯೊಡತಿ ನಗಲಿಲ್ಲ. ಅವನ ಕೈ ಹಿಡಿದು ಜೋಲಾಡುತ್ತಿದ್ದ ಪುಟ್ಟ ಮಗಳನ್ನು ಒಮ್ಮೆ ನೋಡಿ, "ಹೆಣ್ಣುಮಗು ಇದೆಯಪ್ಪ ನಿನಗೆ," ಎಂದಷ್ಟೇ ಹೇಳಿ ರಸ್ತೆ ದಾಟಿ ಹೋದಳು.

ಮನೆಯೇನೋ ಗಟ್ಟಿಮುಟ್ಟಾಗಿತ್ತು. ಒಂದು ಹಾಲು, ಅಡುಗೆಮನೆ, ಮಲಗುವ ಕೋಣೆ, ಮೇಲೊಂದು ಅಟ್ಟ. ಆ ಊರಿನ ಬಿಸಿಲಿಗೆ ಮಧ್ಯಾಹ್ನವಾಯಿತೆಂದರೆ ಕಿಟಕಿಗಳನ್ನೆಲ್ಲ ಮುಚ್ಚಲೇಬೇಕು. ಮುಚ್ಚಿದೊಡನೆ ಒಳಗೆ ಹಗಲಲ್ಲೇ ಕತ್ತಲು. ಆ ಕತ್ತಲಿಗೆ ಒಂದು ವಾಸನೆಯಿತ್ತು. ಹಳೆಯ ಸುಣ್ಣದ್ದು, ಕಿಟಕಿ ಸರಳುಗಳ ತುಕ್ಕಿನದು, ಅವೆರಡರ ಅಡಿಯಲ್ಲಿ ಕೆಟ್ಟ ಮೊಟ್ಟೆಯ ಸಣ್ಣ ನಾತ. ಹಲ್ಲಿಗಳು ಆ ಕತ್ತಲಿನಲ್ಲೇ ಓಡಾಡುತ್ತಿದ್ದವು. ಟ್ಯೂಬ್‌ಲೈಟಿನ ಪಟ್ಟಿಯ ಹಿಂದೆ, ಕನ್ನಡಿಯ ಬೆನ್ನಿಗೆ, ಪರದೆಯ ಮಡಿಕೆಯೊಳಗೆ. ಸ್ವಿಚ್ ಬೋರ್ಡು ಬಿಚ್ಚಿದರೆ ಪೆಪ್ಪರ್‌ಮಿಂಟಿನಂಥ ಬಿಳಿ ಮೊಟ್ಟೆಗಳು. ಬಾಗಿಲು ಎಳೆದರೆ ಸಂದಿಯಿಂದ ತುಂಡು ಬಾಲವೊಂದು ಬಿದ್ದು ನೆಲದ ಮೇಲೆ ತನ್ನಷ್ಟಕ್ಕೆ ಕುಣಿಯುತ್ತಿತ್ತು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಬೆಳಿಗ್ಗೆ ಎದ್ದು ಹೊಲಿಗೆ ಮಿಷನ್ನಿನ ಮೇಲಿನ ಹಿಕ್ಕೆ ಒರೆಸುವುದೇ ಅವಳ ಮೊದಲ ಕೆಲಸವಾಯಿತು. ಪಾತ್ರೆಗೆಲ್ಲ ಮುಚ್ಚಳ, ಮುಚ್ಚಳದ ಮೇಲೊಂದು ತಟ್ಟೆ, ಆದರೂ ಉಣ್ಣುವ ಮೊದಲು ಎಲ್ಲರೂ ಒಮ್ಮೆ ಮೇಲೆ ನೋಡಿಕೊಳ್ಳುತ್ತಿದ್ದರು.

ಮಗಳಿಗೆ ಮಾತ್ರ ಹಬ್ಬವೋ ಹಬ್ಬ. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದು ಗುಬ್ಬಿ ಎಂದು. ಸದಾ ಚಿಲಿಪಿಲಿ. ಹಲ್ಲಿಗಳಿಗೆ ಅವಳು ಪಾಠ ಹೇಳುವಳು, ಜಗಳ ಬಿಡಿಸುವಳು. ಒಮ್ಮೆ ಅಲುಗಾಡುವ ಹಾಲುಹಲ್ಲನ್ನು ತೋರಿಸಿ, "ಅಪ್ಪಾ, ಹಲ್ಲಿಗೆ ನೋವು," ಎಂದು ಮುಖ ಸಣ್ಣದು ಮಾಡಿದಳು.

"ಯಾವ ಹಲ್ಲಿಗೆ? ಗೋಡೆ ಮೇಲಿರೋದಕ್ಕಾ?" ಎಂದ ಮೈಕು. ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆ ಮನೆಯಲ್ಲಿ ಅವರು ಹಾಗೆ ನಕ್ಕಿದ್ದು ಅದೇ ಕೊನೆ.

ಮರುದಿನ ಬೆಳಿಗ್ಗೆ ಹೆಂಡತಿ ಹಾಸಿಗೆ ಮಡಿಸುತ್ತ ಗೊಣಗಿದಳು. "ನಿಮ್ಮ ಗೊರಕೆಗೆ ನನ್ನ ನಿದ್ದೆನೇ ಹಾರಿಹೋಯ್ತು ಕಣ್ರೀ."

ಸುಳ್ಳು. ರಾತ್ರಿಯೆಲ್ಲ ಅವಳೂ ಸೊಗಸಾಗಿ ನಿದ್ದೆ ಹೊಡೆದಿದ್ದಳು. ಗಂಡನನ್ನು ಚುಚ್ಚುವುದಕ್ಕೆ ಆಡಿದ ಮಾತಷ್ಟೇ. ಕನ್ನಡಿಯ ಹಿಂದಿನಿಂದ ಹಲ್ಲಿಯೊಂದು ಲೊಚ್ ಲೊಚ್ ಲೊಚ್ ಎಂದಿತು.

ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ರೆಪ್ಪೆ ಮುಚ್ಚುತ್ತಿತ್ತು, ಒಳಗಿನ ಎಚ್ಚರ ಮುಚ್ಚುತ್ತಿರಲಿಲ್ಲ. ಮಾತ್ರೆ ನುಂಗಿದಳು, ಮಾತ್ರೆ ಸೋತಿತು. ಕಣ್ಣ ಕೆಳಗೆ ಮಸಿ ಬಳಿದಂತಾಯಿತು. ಹೊಲಿಯುತ್ತ ಹೊಲಿಯುತ್ತ ಸೂಜಿ ಬೆರಳಿಗೇ ಇಳಿದರೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಿರುತ್ತಿದ್ದಳು, ಆಮೇಲೆ ನೋವಾಗುತ್ತಿತ್ತು. ಮೈಕು ಸೆಕೆಯನ್ನು ಬೈದ, ಸೊಳ್ಳೆಯನ್ನು ಬೈದ.

ಇದರ ನಡುವೆ ಮಂಡಿಗೆ ಹೊಸ ಧ್ವನಿವರ್ಧಕ ಬಂತು. ಅದನ್ನೇನೂ ಅವನು ಲೆಕ್ಕಕ್ಕಿಟ್ಟಿರಲಿಲ್ಲ. ಅದಕ್ಕೂ ಒಬ್ಬ ಕೂಗುವವನು ಬೇಕಲ್ಲ. ಆದರೂ ಮನೆಗೆ ಬಂದು ಕಾಲು ತೊಳೆಯುತ್ತ ಹೆಂಡತಿಯನ್ನು ನಗಿಸಲೆಂದು ರಾಗ ತೆಗೆದ. "ಮಂಡಿಯವರು ನಿಜವಾದ ಮೈಕನ್ನೇ ತಂದುಬಿಟ್ರು ಕಣೇ. ನನ್ನ ಬಾಯಿಗೆ ಮಣ್ಣು ಬಿತ್ತು!"

ಲೊಚ್ ಲೊಚ್ ಲೊಚ್.

ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟರೆ ಕರಕರ. ಉಗುಳಿದ. ಬಿಳಿ ಅನ್ನದ ಜೊತೆ ಕರೀ ಮಣ್ಣು ಬಿತ್ತು, ಬೇರಿನ ಎಳೆಗಳಿದ್ದ ಹಸಿ ಮಣ್ಣು. ತಟ್ಟೆಯಲ್ಲಿ ನೋಡಿದರೆ ಅನ್ನ ಮಲ್ಲಿಗೆಯ ಹಾಗಿತ್ತು. ಬಾಯೊಳಗೆ ಹೋದೊಡನೆ ಮಣ್ಣು. ನೀರು ಕುಡಿದರೆ ರಾಡಿ. ಡಾಕ್ಟರು ಬಾಯಿ ತೆರೆಸಿ, ಟಾರ್ಚು ಬಿಟ್ಟು ನೋಡಿ, ಏನೂ ಇಲ್ಲವಲ್ಲ ಎಂದು ಭುಜ ಕುಣಿಸಿದರು. ಮಂಡಿಯಲ್ಲಿ ಕೂಗಲು ನಿಂತರೆ ಗಂಟಲಿನಿಂದ ದನಿಗಿಂತ ಮೊದಲು ಧೂಳು ಹೊರಟಿತು. ಮಂಡಿಯವರು, "ಸ್ವಲ್ಪ ದಿನ ರೆಸ್ಟ್ ತಗೋ ಮೈಕು," ಎಂದು ಕಳಿಸಿದರು.

"ರೀ," ಎಂದಳು ಹೆಂಡತಿ ಒಂದು ಮಧ್ಯಾಹ್ನ, ಬಹಳ ಮೆಲ್ಲಗೆ. "ನಾನು ನಿದ್ದೆ ಹಾರಿಹೋಯ್ತು ಅಂದಾಗ್ಲೂ ಹಲ್ಲಿ ಲೊಚಗುಟ್ಟಿತ್ತು. ನೀವು ಮಣ್ಣು ಅಂದಾಗ್ಲೂ."

ಅವನಿಗೂ ಅದು ಹೊಳೆದಿರಲಿಲ್ಲ ಎಂದಲ್ಲ. ಆದರೆ ಒಪ್ಪಿಕೊಳ್ಳುವುದಕ್ಕೆ ಸೊಕ್ಕು ಬಿಡಬೇಕಲ್ಲ. "ಸುಮ್ನೆ ಹೊಲಿಗೆ ನೋಡ್ಕೋ ಹೋಗು," ಎಂದು ಸಿಡುಕಿದ. ಆಗಲೇ ಗುಬ್ಬಿ ತಟ್ಟೆ ದೂಡಿ, ಹಲ್ಲು ನೋವು, ಊಟ ಬೇಡ ಎಂದು ಹಟ ಹಿಡಿದಳು. ಹೆಂಡತಿಯ ಹೆದರಿಕೆಯನ್ನು ತಮಾಷೆಯಲ್ಲಿ ತೇಲಿಸಿಬಿಡೋಣ ಎಂದುಕೊಂಡನೋ ಏನೋ, ಆ ಹಾಳು ಬಾಯಿ ಸುಮ್ಮನಿರಲಿಲ್ಲ. ಮಗಳ ಸಣಕಲು ತೋಳನ್ನು ಹಿಡಿದೆತ್ತಿ, "ನೋಡೇ, ಉಣ್ಣದೆ ಉಣ್ಣದೆ ನಮ್ಮ ಗುಬ್ಬಿ ಹಲ್ಲಿ ಆಗಿಬಿಟ್ಟಿದ್ದಾಳೆ," ಎಂದುಬಿಟ್ಟ.

ಒಂದು ಹಲ್ಲಿಯಲ್ಲ. ಟ್ಯೂಬ್‌ಲೈಟಿನ ಹಿಂದಿನದು, ಕನ್ನಡಿಯ ಹಿಂದಿನದು, ಅಟ್ಟದ ಮೇಲಿನವು, ಅಡುಗೆಮನೆಯವು, ಇಡೀ ಮನೆಯೇ ಒಟ್ಟಿಗೆ ಲೊಚಗುಟ್ಟಿತು. ಹೆಂಡತಿ ಎರಡೂ ಕೈಯಿಂದ ಅವನ ಬಾಯಿ ಮುಚ್ಚಿದಳು. ತಡವಾಗಿತ್ತು.

ಮೊದಲು ಮಗುವಿನ ಅಂಗೈ ತಣ್ಣಗಾಯಿತು. ಸುಡುವ ಸೆಕೆಯಲ್ಲಿ ಮನೆಯವರೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರೆ ಅವಳ ಕೈ ಗೋಡೆಯಷ್ಟು ತಣ್ಣಗೆ. ಆಮೇಲೆ ಚಿಲಿಪಿಲಿ ನಿಂತಿತು. ಮಾತು ಹುಡುಕುವವಳಂತೆ ಬಾಯಿ ತೆರೆದು ಹಾಗೇ ಮುಚ್ಚುತ್ತಿದ್ದಳು. ಕಣ್ಣು ಮಿಟುಕಿಸುವುದನ್ನೇ ಮರೆತಳು. ಹೆಂಡತಿ ಟೇಪು ಹಿಡಿದು ಅಳೆದರೆ ಹೋದ ಸಲ ಹೊಲಿದ ಫ್ರಾಕು ಎಲ್ಲ ಕಡೆ ದೊಗಳೆ. ಕಾಲ್ಬಳೆ ತಾನಾಗಿ ಜಾರಿ ಬಿತ್ತು. ಒಂದು ಮಧ್ಯಾಹ್ನ ಮಗು ಎಲ್ಲಿ ಎಂದು ಹುಡುಕಿದರೆ ಬೀರುವಿನ ನೆತ್ತಿಯ ಮೇಲೆ ಕೂತಿದ್ದಳು. ಹತ್ತಿರದಲ್ಲಿ ಸ್ಟೂಲಿಲ್ಲ, ಕುರ್ಚಿಯಿಲ್ಲ. ಗೋಡೆಯ ಸುಣ್ಣದ ಮೇಲೆ ಸಣ್ಣ ಸಣ್ಣ ಅಂಗೈ ಗುರುತುಗಳು ಸಾಲಾಗಿ ಮೇಲಕ್ಕೆ ಹೋಗಿದ್ದವು.

ಮೈಕು ಅವಳನ್ನು ಎತ್ತಿ ಇಳಿಸಿ ಎದೆಗೊತ್ತಿಕೊಂಡ. "ಗುಬ್ಬಿ, ಅಪ್ಪ ಅನ್ನು ಕಂದ. ಒಂದು ಸಲ ಅಪ್ಪ ಅನ್ನು."

ಮಗು ಅವನ ಹೆಗಲ ಮೇಲಿಂದ ಗೋಡೆಯನ್ನೇ ನೋಡುತ್ತಿತ್ತು. ಅಲ್ಲೊಂದು ಪತಂಗ ಕೂತಿತ್ತು. ಮಗುವಿನ ಬಾಯಿ ತೆರೆಯಿತು, ಮುಚ್ಚಿತು. ಪತಂಗವಿರಲಿಲ್ಲ. ತುಟಿಯ ಮೂಲೆಯಲ್ಲಿ ಬೂದು ರೆಕ್ಕೆಯ ಪುಡಿ ಅಂಟಿತ್ತು.

ಅಲ್ಲಿಗೆ ಅವನ ಸೊಕ್ಕು ನೀರಾಯಿತು. ಮನೆಯ ನಡುವೆ ಮೊಣಕಾಲೂರಿ ಕೂತು ಆ ಕತ್ತಲ ಮೂಲೆಗಳಿಗೆಲ್ಲ ಕೈ ಮುಗಿದ. "ನನ್ನ ಮಗಳು ಮೊದಲಿನ ಹಾಗಾಗಲಿ! ನನ್ನ ಮಗಳು ಹುಷಾರಾಗಿದ್ದಾಳೆ! ಕೇಳ್ತಾ? ಹುಷಾರಾಗಿದ್ದಾಳೆ!" ಬಾಯಿಯ ಮಣ್ಣು ಕಣ್ಣೀರಿಗೆ ಬೆರೆತು ಗದ್ದದ ಮೇಲೆ ಕೆಸರಾಗಿ ಇಳಿಯಿತು. ಒಂದಾದರೂ ಲೊಚಗುಟ್ಟಬೇಕಲ್ಲ? ಇಲ್ಲ. ಪೊರಕೆ ಹಿಡಿದು ಬಡಿದ. ಬಾಲಗಳು ಉದುರಿ ನೆಲದ ತುಂಬ ಕುಣಿದವು. ಹಲ್ಲಿಗಳು ಮಾತ್ರ ಸಂದಿಗೆ ಸೇರಿಕೊಂಡು ಅವನ ಬಾಯನ್ನೇ ನೋಡುತ್ತಿದ್ದವು.

ಪೊರಕೆ ಬಿಸಾಡಿ, ರಸ್ತೆ ದಾಟಿ, ಮನೆಯೊಡತಿಯ ಬಾಗಿಲು ಬಡಿದ.

"ಹೇಳಿದ್ದೆನಲ್ಲಪ್ಪ," ಎಂದಳು ಆಕೆ. ಅವನನ್ನು ಒಳಗೆ ಕರೆಯಲಿಲ್ಲ. ಬಾಗಿಲ ಸಂದಿಯಿಂದಲೇ ಹೇಳಿದಳು. "ನಮ್ಮತ್ತೆ ಆ ಮನೆಯ ಹಾಲಿನಲ್ಲಿ ಕೂತು ಒಂದು ಸುಳ್ಳು ಹೇಳಿದ್ರು. ಕೆಲಸದ ಹುಡುಗಿ ಸರ ಕದ್ದಳು ಅಂತ. ಸರ ಇದ್ದದ್ದು ಅವರ ಪೆಟ್ಟಿಗೆಯಲ್ಲೇ. ಆ ಹುಡುಗಿ ಬಾವಿಗೆ ಬಿದ್ದಳು. ಅವಳಪ್ಪ ಮಾಟ ಬಲ್ಲವನು. ಮಗಳನ್ನ ಸುಟ್ಟ ಬೂದಿ ಕಲಸಿ ಮಣ್ಣಿನ ಹಲ್ಲಿ ಮಾಡಿ ಆ ಮನೆಯಲ್ಲಿ ಎಲ್ಲೋ ಹೂತ. ಎಲ್ಲಿ ಅಂತ ಅಗೆದು ಅಗೆದು ಸಾಕಾಯ್ತು, ಸಿಗಲಿಲ್ಲ. ಹೂತು ಬಂದು ನಮ್ಮ ಮುಂದೆಯೇ ಹೇಳಿದ. ಈ ಮನೆಯಲ್ಲಿ ಇನ್ಮೇಲೆ ಸುಳ್ಳು ಅನ್ನೋದೇ ಇರಲ್ಲ, ಆಡಿದ್ದೆಲ್ಲ ನಿಜವೇ ಆಗುತ್ತೆ ಅಂತ. ಅತ್ತೆ ಆಗಲೂ ಬಿಡಲಿಲ್ಲ. ನಾನು ಸುಳ್ಳಾಡಿದ್ರೆ ನನ್ನ ನಾಲಿಗೆ ಸೇದಿಹೋಗ್ಲಿ ಅಂದ್ರು." ಅವಳು ತುಟಿ ಕಚ್ಚಿಕೊಂಡಳು. "ಹಲ್ಲಿ ಲೊಚಗುಟ್ಟಿತು."

"ನಾನು ಒಳ್ಳೇದು ಹೇಳಿದ್ನಲ್ಲ ದೊಡ್ಡಮ್ಮ! ಮಗಳು ಹುಷಾರಾಗಲಿ ಅಂತ ಬಾಯಿಬಾಯಿ ಬಡ್ಕೊಂಡೆನಲ್ಲ!"

"ಮನಸ್ಸಿಟ್ಟು ಆಡಿದ ಮಾತು ಅವಕ್ಕೆ ಬೇಡ. ಅದು ಸುಳ್ಳಲ್ಲವಲ್ಲ. ಮನಸ್ಸಲ್ಲಿ ಇಲ್ಲದೆ ಬಾಯಲ್ಲಿ ಮಾತ್ರ ಬಂದುಹೋಗುತ್ತಲ್ಲ, ಅಂಥದ್ದಕ್ಕೇ ಕಾಯ್ತಿರ್ತವೆ."

"ಇಷ್ಟೆಲ್ಲ ಗೊತ್ತಿದ್ದೂ ಬಾಡಿಗೆಗೆ ಯಾಕೆ ಕೊಟ್ರಿ?"

ಆಕೆ ತಲೆ ತಗ್ಗಿಸಿದಳು. "ಖಾಲಿ ಬಿಟ್ರೆ ಅವು ರಸ್ತೆ ದಾಟಿ ಇಲ್ಲಿಗೆ ಬರ್ತವೆ. ನಮ್ಮ ಮನೆಯಲ್ಲೂ ಮೊಮ್ಮಕ್ಕಳಿದ್ದಾರೆ."

ಅವಳ ಕತ್ತು ಹಿಸುಕಿಬಿಡಬೇಕು ಎನಿಸಿತು. ಆದರೆ ಅವನಿಗೆ ಬೇಕಿದ್ದುದು ಮಗಳು. ಅವಳ ಕಾಲಿಗೇ ಬಿದ್ದ. ಬಿದ್ದವನನ್ನು ನೋಡಿ ಆಕೆಯ ಕಣ್ಣೂ ತುಂಬಿತು. "ದಾರಿ ಒಂದಿದೆ. ಮನೆ ಖಾಲಿ ಮಾಡಿ ಕೀಲಿ ತಂದು ನನ್ನ ಕೈಗೆ ಕೊಡು. ಆ ಮನೆಯವನಲ್ಲ ಅಂತಾದ ಮೇಲೆ ನಿನ್ನ ಮೇಲೂ ನಿನ್ನವರ ಮೇಲೂ ಅವಕ್ಕೆ ಹಕ್ಕಿಲ್ಲ. ಹಿಂದೆ ಇದ್ದವರು ಹಾಗೆ ಮಾಡಿಯೇ ಜೀವ ಉಳಿಸಿಕೊಂಡ್ರು. ಬೇಗ ಮಾಡು, ಮಗು ಪೂರ್ತಿ ಕೈಬಿಟ್ಟು ಹೋಗೋ ಮೊದಲು. ಮತ್ತೆ, ಕೇಳು. ಗೇಟು ದಾಟೋವರೆಗೆ ಒಂದಕ್ಷರ ಆಡಬೇಡ. ನಿನ್ನದು ಮೊದಲೇ ಸಡಿಲ ಬಾಯಿ."

ಮೈಕು ಅಂದು ತನ್ನ ಜೀವನದಲ್ಲಿ ಮೊದಲ ಬಾರಿಗೆ ಬಾಯಿಗೆ ಟವೆಲು ಕಟ್ಟಿಕೊಂಡ, ಹಿಂದುಗಡೆ ಎರಡು ಗಂಟು ಹಾಕಿ. ಹೆಂಡತಿಗೂ ಕಟ್ಟಿದ. ಸಾಮಾನಿನ ಟೆಂಪೊ ತಂದು ಗೇಟಿನಾಚೆ ನಿಲ್ಲಿಸಿದ. ಮೂಗರ ಸಂಸಾರದಂತೆ ಇಬ್ಬರೂ ಕೈಸನ್ನೆಯಲ್ಲೇ ಮಿಷನ್ನು, ಹಾಸಿಗೆ, ಪಾತ್ರೆ ಸಾಗಿಸಿದರು. ಗೋಡೆಯುದ್ದಕ್ಕೂ ಹಲ್ಲಿಗಳು ಹೊರಬಂದು ಸಾಲುಗಟ್ಟಿ ನೋಡುತ್ತಿದ್ದವು. ಅಷ್ಟೊಂದಿವೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಗೋಡೆಯ ಸುಣ್ಣವೇ ಉಸಿರಾಡಿದಂತೆ ಕಾಣುತ್ತಿತ್ತು.

ಎಲ್ಲ ಸಾಗಿಸಿದ ಮೇಲೆ ನೋಡಿದರೆ ಗುಬ್ಬಿ ಇಲ್ಲ.

ಬೀರುವನ್ನು ಸಾಗಿಸಿಯಾಗಿತ್ತು. ಮಂಚದ ಜಾಗ ಬರಿದಾಗಿತ್ತು. ಉಳಿದದ್ದು ಅಟ್ಟ. ಏಣಿಯಿಟ್ಟು ಹತ್ತಿದ. ಒಳಗೆ ಗವ್ವೆನ್ನುವ ಕತ್ತಲು. ಕೆಟ್ಟ ಮೊಟ್ಟೆಯ ನಾತ ಮೂಗಿಗೆ ಅಡರಿತು. ಕೂಗುವಂತಿಲ್ಲ. ಇಡೀ ಮಂಡಿಯನ್ನು ಎಬ್ಬಿಸುವ ಗಂಟಲು ಇದ್ದೂ ಮಗಳ ಹೆಸರು ಕರೆಯುವಂತಿಲ್ಲ. ತೆವಳಿದ. ಕೈಗೆ ಬಾಲಗಳು ತಗುಲಿದವು. ಮೊಟ್ಟೆಗಳು ಅಂಗೈಯಡಿ ಪಟಪಟ ಒಡೆದವು. ಮೂಲೆಯಲ್ಲಿ ಏನೋ ತಣ್ಣಗೆ ಅಲುಗಾಡಿತು. ಬೆಕ್ಕಿನಷ್ಟು ದೊಡ್ಡದು. ಅಷ್ಟೇ. ಅಷ್ಟೇ ಉಳಿದಿದ್ದಳು. ಮೈಮೇಲೆ ಫ್ರಾಕು ಇನ್ನೂ ಇತ್ತು. ಅವನು ಕೈ ಚಾಚಿದ. ಅವಳು ಗೋಡೆಗೆ ಹತ್ತಿದಳು. ಹಿಡಿದ. ಜಾರಿದಳು. ಮತ್ತೆ ಹಿಡಿದ. ಟವೆಲಿನೊಳಗೆ ಅವನ ಬಾಯಿ ಸದ್ದಿಲ್ಲದೆ ಅರಚುತ್ತಿತ್ತು. ಅಂಟಿಕೊಂಡ ಬೆರಳುಗಳನ್ನು ಒಂದೊಂದಾಗಿ ಸುಣ್ಣದಿಂದ ಬಿಡಿಸಿದ. ಎದೆಗವಚಿಕೊಂಡು ಇಳಿದ. ಓಡಿದ. ಗೇಟಿನಾಚೆ ಟೆಂಪೊ ಹತ್ತಿ ಕೂತಿದ್ದ ಹೆಂಡತಿಯ ಮಡಿಲಿಗೆ ಮಗುವನ್ನು ಹಾಕಿ ಮತ್ತೆ ಒಳಗೆ ಓಡಿಬಂದು, ಬಾಗಿಲಿಗೆ ಬೀಗ ಜಡಿದ.

ಮನೆಯೊಡತಿ ಗೇಟಿನ ಹೊರಗೆ ಕಾಯುತ್ತ ನಿಂತಿದ್ದಳು. ಅಂಗಳ ದಾಟಿ ಬಂದು ಗೇಟಿನ ಸರಳುಗಳ ನಡುವಿನಿಂದ ಕೀಲಿಗೊಂಚಲು ಚಾಚಿದ. ಆಕೆ ತೆಗೆದುಕೊಂಡಳು.

ಕೀಲಿ ಕೈಬಿಟ್ಟದ್ದೇ ತಡ, ನಾಲಿಗೆಯ ಮೇಲಿನ ಮಣ್ಣು ಕರಗಿ ಹೋಯಿತು. ಬಾಯಿ ಬಾಯಿಯಾಯಿತು. ಟೆಂಪೊದಲ್ಲಿ ಹೆಂಡತಿ ಟವೆಲು ಬಿಚ್ಚಿ ಆಕಳಿಸಿದಳು, ಬಾಯಿ ತುಂಬ, ಮೈಯೆಲ್ಲ ಸಡಿಲಾಗುವಂಥ ಆಕಳಿಕೆ. ಅವಳ ಮಡಿಲಿನಿಂದ ಎರಡು ಜಡೆಯ ತಲೆಯೊಂದು ಮೇಲೆದ್ದಿತು. ಕಣ್ಣು ಮಿಟುಕಿಸಿತು. ಒಮ್ಮೆಯಲ್ಲ, ಮೂರು ನಾಲ್ಕು ಸಲ.

"ಅಪ್ಪಾ!" ಎಂದಳು ಗುಬ್ಬಿ.

ಅವನಿಗೆ ಅಳು ಬಂತು, ನಗು ಬಂತು. ಟವೆಲು ಕಿತ್ತು ಮುಖ ಒರೆಸಿಕೊಂಡ. ಎದುರಿಗೆ ಹಿರಿಯಳೊಬ್ಬಳು ನಿಂತಿದ್ದಾಳೆ. ತಪ್ಪೋ ಸರಿಯೋ, ಕೊನೆಗೆ ದಾರಿ ತೋರಿಸಿದವಳು. ಮಾತಾಡದೆ ಹೊರಟುಬಿಡುವುದು ಹೇಗೆ? ಹೊರಡುವಾಗ ಹೋಗುತ್ತೇನೆ ಎಂದು ಯಾರಾದರೂ ಅನ್ನುತ್ತಾರೆಯೇ? ಅಮ್ಮನ ಕಾಲದಿಂದ ನಾಲಿಗೆಗೆ ಕೂತ ಮಾತು, ಕೇಳದೆ ಹೇಳದೆ ತಾನಾಗಿ ಬಂತು. ಗೇಟು ತೆರೆಯುವ ಮೊದಲೇ, ಕಾಲು ಇನ್ನೂ ಅಂಗಳದಲ್ಲೇ ಇರುವಾಗ, ಕೈಮುಗಿದು ಅಂದುಬಿಟ್ಟ.

"ಬರ್ತೀವಿ, ದೊಡ್ಡಮ್ಮ."

ಗೇಟಿನ ಕಂಬದ ಮೇಲಿಂದ, ಅವನ ಕಿವಿಯ ಪಕ್ಕದಲ್ಲೇ, ಲೊಚ್ ಲೊಚ್ ಲೊಚ್.

ಆಕೆಯ ಮುಖ ಬಿಳಿಚಿಕೊಂಡಿತು. ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಅರಚಿದ. "ಬರಲ್ಲ! ಇಲ್ಲ! ಬರಲ್ಲ! ಸತ್ರೂ ಈ ಕಡೆ ತಲೆ ಹಾಕಲ್ಲ!" ಮಂಡಿಯಲ್ಲೂ ಎಂದೂ ಅಷ್ಟು ಜೋರಾಗಿ ಕೂಗಿರಲಿಲ್ಲ. ಬೀದಿಯ ಕಿಟಕಿಗಳು ತೆರೆದುಕೊಂಡವು. "ಬರಲ್ಲ ಅಂದೆ! ಕೇಳಿಸ್ತಾ? ನಾವು ಬರಲ್ಲ!" ಒಂದೊಂದು ಮಾತೂ ಕರುಳಿನಿಂದ ಎದ್ದು ಬಂದದ್ದು. ಒಂದರಲ್ಲೂ ಸುಳ್ಳಿರಲಿಲ್ಲ. ಕಂಬದ ಮೇಲಿನ ಹಲ್ಲಿ ಅಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡಿತು. ಬಾಯಿ ಬಿಡಲಿಲ್ಲ.

ಅರಚುತ್ತಿದ್ದ ಬಾಯಿಯಲ್ಲಿ ಮತ್ತೆ ಕರಕರ ಎಂದಿತು.

"ಬರ್ತೀನಿ ಅಂದಿದ್ರೂ ನಿನ್ನೊಬ್ಬನಿಗೇ ಮುಗಿದು ಹೋಗ್ತಿತ್ತಲ್ಲಪ್ಪ," ಎಂದು ಮನೆಯೊಡತಿ ಬಿಕ್ಕಿದಳು. "ಬರ್ತೀವಿ ಅಂದೆಯಲ್ಲೋ." ಬಿಕ್ಕುತ್ತಲೇ ಕೀಲಿಗೊಂಚಲನ್ನು ಸರಳುಗಳ ನಡುವಿನಿಂದ ಅವನ ಅಂಗೈಗೆ ತುರುಕಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ರಸ್ತೆ ದಾಟಿ ಓಡಿದಳು.

ಅವನು ಟೆಂಪೊ ಕಡೆ ನೋಡಿದ. ಹೆಂಡತಿ ಕಣ್ಣು ತೆರೆದುಕೊಂಡೇ ಕೂತಿದ್ದಳು. ಅವಳ ಮಡಿಲು ಖಾಲಿಯಾಗಿತ್ತು. ಗುಬ್ಬಿ ಟೆಂಪೊದ ಪಕ್ಕಕ್ಕೆ ಅಂಟಿಕೊಂಡು, ತಲೆ ಕೆಳಗೆ ಮಾಡಿ, ನಾಲ್ಕೂ ಕೈಕಾಲೂರಿ ಮೆಲ್ಲಗೆ ಇಳಿದು ಬರುತ್ತಿದ್ದಳು. ಅವನು ಗೇಟನ್ನು ಒತ್ತಿ ಹಿಡಿದುಕೊಂಡ. ಅವಳು ಸರಳುಗಳ ಸಂದಿಯಿಂದಲೇ ನುಸುಳಿ ಒಳಗೆ ಬಂದಳು.